ಮೋಟಾರಿನ ಹೊಲದಲ್ಲಿ ಹಕ್ಕಲು ಆಯುವುದು
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಂಗಳೂರಿನಲ್ಲಿ ನೀನು ಮಾಡುವ ಕೆಲಸವನ್ನು ಊರವರಿಗೆ ತಿಳಿಯುವ ಹಾಗೆ ಹೇಳು ಎಂದು ಸಮಿತಿಯವರು ಹೇಳಿದ್ದಾರೆ. ಸಾಫ್ಟ್‌ವೇರ್ ಎಂದ ಕೂಡಲೇ ಎಲ್ಲರೂ ತಲೆಯಾಡಿಸಿ ಸುಮ್ಮನಾಗುತ್ತಾರೆ. ಆದ್ದರಿಂದ ನಿಮಗೆಲ್ಲ ಗೊತ್ತಿರುವ ಮೋಟಾರಿನಿಂದ ಶುರು ಮಾಡುತ್ತೇನೆ.

ಜಗತ್ತಿನ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ ಮೋಟಾರುಗಳಿಗೇ ಹೋಗುತ್ತದೆ. ನಮ್ಮ ಗಿಣಿಗೇರಿ, ಬೇವಿನಹಳ್ಳಿ ಕಡೆಯ ಕಬ್ಬಿಣ-ಉಕ್ಕಿನ ಕಾರ್ಖಾನೆಗಳಲ್ಲಿ ಫ್ಯಾನು, ಪಂಪು, ಕನ್ವೇಯರ್ ಎಲ್ಲವೂ ಅದರ ಮೇಲೆಯೇ. ಅಂಥಲ್ಲಿ ಪಾಳಿ ಮಾಡುವವರು ಈ ಸಭೆಯಲ್ಲೂ ಇದ್ದೀರಿ. ಮೋಟಾರಿನಲ್ಲಿ ಹೆಚ್ಚಾಗಿ ಮೊದಲು ಕೆಡುವುದು ಬೇರಿಂಗ್. ಗ್ರೀಸ್ ಒಣಗುತ್ತದೆ, ನಡುಕ ಹೆಚ್ಚುತ್ತದೆ, ಮೈ ಬಿಸಿಯಾಗುತ್ತದೆ. ಹಳೆಯ ಫಿಟ್ಟರುಗಳು ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಗೆ ಕಿವಿ ಹಚ್ಚಿ ಇದನ್ನು ಹೇಳಿಬಿಡುತ್ತಾರೆ. ನಮ್ಮ ಸೆನ್ಸರ್ ಮಾಡುವುದೂ ಅದನ್ನೇ. ನಡುಕ, ಶಾಖ ಅಳೆದು ವೈರಿಲ್ಲದೆ ಸುದ್ದಿ ಕಳಿಸುತ್ತದೆ. ಅದರೊಳಗಿನ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ.

ತೊಡಕಿರುವುದು ಸೆನ್ಸರಿನ ಹೊಟ್ಟೆಪಾಡಿನಲ್ಲಿ. ಪೆನ್ಸಿಲ್ ಸೆಲ್ಲಿನ ಅಳತೆಯ ಒಳ್ಳೆಯ ಲಿಥಿಯಂ ಸೆಲ್ ಸದಾ 1 ಮಿಲಿವ್ಯಾಟ್ ಕೊಡುತ್ತಾ ಹೋದರೆ ಸುಮಾರು ಒಂದು ವರ್ಷಕ್ಕೆ ಬರಿದಾಗುತ್ತದೆ. ಬಿಸಿಯಲ್ಲಿ ಇನ್ನೂ ಬೇಗ. ಸಾವಿರ ಮೋಟಾರಿರುವ ಕಡೆ ದಿನಕ್ಕೆ ಹತ್ತಿರ ಮೂರು ಸೆಲ್ ಬದಲಿಸಬೇಕು. ಅದಕ್ಕಾಗಿ ಒಬ್ಬ ಮನುಷ್ಯ ಏಣಿ ಹತ್ತಿ, ತಿರುಗುವ ಯಂತ್ರದ ಪಕ್ಕ ಕೈ ಹಾಕಬೇಕು. ಸೆಲ್ಲಿನ ಬೆಲೆಗಿಂತ ಆ ಕೈಬೆರಳಿನ ಬೆಲೆ ದೊಡ್ಡದು.

ಮೋಟಾರೋ ತನ್ನ ಶಕ್ತಿಯನ್ನು ಸುತ್ತಲೂ ಚೆಲ್ಲುತ್ತಿರುತ್ತದೆ. ಅದನ್ನು ಹಿಡಿದುಕೊಳ್ಳುವುದಕ್ಕೆ ಎನರ್ಜಿ ಹಾರ್ವೆಸ್ಟಿಂಗ್ ಎಂಬ ಹೆಸರಿದೆ. ನಾನು ಹಕ್ಕಲು ಆಯುವುದು ಎನ್ನುತ್ತೇನೆ. ಜೋಳ ಕೊಯ್ದ ಹೊಲದಲ್ಲಿ ಉಳಿದ ತೆನೆ ಆಯ್ದ ಹಾಗೆ. 5 ಎಚ್‌ಪಿ ಮೋಟಾರೆಂದರೆ 3,730 ವ್ಯಾಟ್. ಸೆನ್ಸರಿಗೆ ಬೇಕಾದ 1 ಮಿಲಿವ್ಯಾಟ್ ಅದರ 37 ಲಕ್ಷದಲ್ಲಿ ಒಂದು ಪಾಲು.

ನಮ್ಮ ಕರೆಂಟು 50 ಹರ್ಟ್ಸ್. ಅದರ ಎಳೆತಕ್ಕೆ ಮೋಟಾರಿನ ಮೈ ಸೆಕೆಂಡಿಗೆ 100 ಸಲ ನಡುಗುತ್ತದೆ. ಅಷ್ಟೇ ವೇಗಕ್ಕೆ ಓಲಾಡುವ ಸ್ಪ್ರಿಂಗಿಗೆ ಆಯಸ್ಕಾಂತ ಕಟ್ಟಿ, ಪಕ್ಕದಲ್ಲಿ ತಾಮ್ರದ ಸುರುಳಿ ಇಟ್ಟರೆ ಕರೆಂಟು ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡದ್ದು ಇದನ್ನೇ. ಮಕ್ಕಳೇ, ವಿದ್ಯುತ್ಕಾಂತೀಯ ಪ್ರೇರಣೆ ಎಂದರೆ ಇದೇ. ಆದರೆ ತೊಟ್ಟಿಲಿನ ಲಯ ತಪ್ಪಿ ಕೈ ಕೊಟ್ಟರೆ ಅದು ತೂಗುವುದಿಲ್ಲ. ವೇಗ ಬದಲಿಸುವ ಡ್ರೈವ್ ಹಾಕಿದ ಮೋಟಾರಿನಲ್ಲಿ ಈ ಸ್ಪ್ರಿಂಗು ಸೋಲುತ್ತದೆ.

ಶಾಖದಿಂದಲೂ ಕರೆಂಟು ತೆಗೆಯಬಹುದು. ಅದಕ್ಕೆ ಒಂದು ಬದಿ ಬಿಸಿ, ಇನ್ನೊಂದು ಬದಿ ತಂಪಾಗಿರಬೇಕು; ಕಾರ್ಖಾನೆಯ ಧೂಳು, ನಮ್ಮ ಬೇಸಿಗೆ ಎರಡೂ ಅದಕ್ಕೆ ವೈರಿ. ಹೆಚ್ಚು ನಂಬಿಕೆಯದು ಕೇಬಲ್ಲಿನ ಒಂದು ಫೇಸಿಗೆ ಮಾತ್ರ ಉಂಗುರ ತೊಡಿಸುವುದು. ಮೂರನ್ನೂ ಕೂಡಿಸಿ ತೊಡಿಸಿದರೆ ಒಂದರ ಕಾಂತಬಲವನ್ನು ಉಳಿದೆರಡು ಅಳಿಸಿ ಏನೂ ಸಿಗುವುದಿಲ್ಲ.

ನನಗೆ ಹೆಚ್ಚು ತಲೆ ತಿಂದ ಪ್ರಶ್ನೆ ಬೇರೆ. ಮೋಟಾರು ನಿಂತರೆ ಸೆನ್ಸರಿನ ಊಟವೂ ನಿಲ್ಲುತ್ತದೆ. ಸುದ್ದಿ ಬರದಿದ್ದರೆ ಕರೆಂಟು ಹೋಗಿದೆಯೋ, ಮೋಟಾರು ಸುಟ್ಟಿದೆಯೋ, ಸೆನ್ಸರೇ ಕೆಟ್ಟಿದೆಯೋ? ಮೂರೂ ಒಂದೇ ಥರ ಕಾಣುತ್ತವೆ. ಅದಕ್ಕೇ ಒಂದು ಕೆಪಾಸಿಟರಿನಲ್ಲಿ ಬುತ್ತಿ ಕಟ್ಟಿಡುತ್ತೇವೆ. ಬಂದ ಶಕ್ತಿಯಲ್ಲಿ ಮೊದಲು ಆ ಬುತ್ತಿ ತುಂಬಬೇಕು, ಆಮೇಲೆ ಮಿಕ್ಕ ಕೆಲಸ. ಮೋಟಾರು ನಿಂತ ಕೂಡಲೇ ಆ ಬುತ್ತಿಯಿಂದ ಕೊನೆಯ ನಡುಕ, ಕೊನೆಯ ಶಾಖ ಎರಡನ್ನೂ ಕಳಿಸಿ ಸೆನ್ಸರ್ ಮಲಗುತ್ತದೆ. ಶಾಖ ನೆಟ್ಟಗಿದ್ದು ನಿಂತಿದ್ದರೆ ಕರೆಂಟು ಹೋಗಿರಬಹುದು. ನಡುಕ ಏರಿ ನಿಂತಿದ್ದರೆ ಫಿಟ್ಟರನ್ನು ಕಳಿಸಬೇಕು.

ನಮ್ಮ ಬೋರ್‌ವೆಲ್ ಮೋಟಾರಿಗೆ ಇದು ಬರುತ್ತದೇನಪ್ಪ ಎಂದು ಹಿರಿಯರೊಬ್ಬರು ಬೆಳಿಗ್ಗೆಯೇ ಕೇಳಿದರು. ಬೇಡ. ಆ ಮೋಟಾರು ನೂರಾರು ಅಡಿ ಕೆಳಗೆ ನೀರಿನಲ್ಲಿದೆ. ಅದರ ಸುದ್ದಿಯೆಲ್ಲ ಮೇಲಿನ ಸ್ಟಾರ್ಟರ್ ಡಬ್ಬಿಯ ಆಂಪ್ಸ್‌ನಲ್ಲೇ ಸಿಗುತ್ತದೆ, ಅಲ್ಲಿ ಕರೆಂಟೂ ಇದೆ. ಹಕ್ಕಲು ಆಯುವ ಅಗತ್ಯವಿಲ್ಲ. ಒಂದು ಫೇಸ್ ಹೋದಾಗ, ನೀರಿಲ್ಲದೆ ಓಡಿದಾಗ ತಾನೇ ಬಂದ್ ಮಾಡುವ ಸಾಧನ ಡಬ್ಬಿಯಲ್ಲಿದ್ದರೆ ಸಾಕು. ದುಡ್ಡನ್ನು ಅದಕ್ಕೆ ಹಾಕಿ.

ಆಯಸ್ಕಾಂತ, ಸುರುಳಿಯ ಒಂದು ತುಣುಕನ್ನು ಬೆಂಗಳೂರಿನಿಂದ ತಂದಿದ್ದೇನೆ. ಅದನ್ನು ವಿಜ್ಞಾನದ ಸರ್ ಬಳಿ ಬಿಟ್ಟು ಹೋಗುತ್ತೇನೆ. ಮಕ್ಕಳೇ, ಮಲ್ಟಿಮೀಟರ್ ಹಚ್ಚಿ, ಕೈಯಲ್ಲಿ ಅಲುಗಾಡಿಸಿ ನೋಡಿ. ಬಿಚ್ಚಿದರೂ ಅಡ್ಡಿಯಿಲ್ಲ.