ವಾಸಿಯಾಗಿ ಬಂದವಳನ್ನು ಕಾಣದ ಮನೆ
(ಮಂಗಸೂಳಿಯಲ್ಲಿ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಮಾಡಿದ ಭಾಷಣ)



ನಿಮ್ಮಲ್ಲಿ ಹಿರಿಯರು ‘ಶರಪಂಜರ’ ಸಿನಿಮಾ ನೋಡಿರಬಹುದು. ಪುಟ್ಟಣ್ಣ ಕಣಗಾಲ್ 1971ರಲ್ಲಿ ತೆಗೆದದ್ದು. ಕಾವೇರಿಯಾಗಿ ನಟಿಸಿದವರು ಕಲ್ಪನಾ. ಅದರ ಮೂಲ ತ್ರಿವೇಣಿಯವರ ಕಾದಂಬರಿ. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರಿಗೆ ಮೂವತ್ತೈದೂ ತುಂಬಿರಲಿಲ್ಲ.

ಕಥೆ ಇಷ್ಟೇ. ಸುಖವಾಗಿ ಸಂಸಾರ ಮಾಡುತ್ತಿದ್ದ ಕಾವೇರಿಗೆ ಎರಡನೆಯ ಹೆರಿಗೆಯ ನಂತರ ಮನಸ್ಸು ಕೆಡುತ್ತದೆ. ಆಸ್ಪತ್ರೆಯಲ್ಲಿ ವಾಸಿಯಾಗಿ ಮನೆಗೆ ಬರುತ್ತಾಳೆ. ವೈದ್ಯರು ಒಪ್ಪಿದ್ದನ್ನು ಮನೆ ಒಪ್ಪುವುದಿಲ್ಲ. ನಕ್ಕರೂ ಅನುಮಾನ, ಅತ್ತರೂ ಅನುಮಾನ. ಗಂಡ ದೂರ ಸರಿಯುತ್ತಾನೆ, ಬೇರೊಬ್ಬಳತ್ತ ಹೋಗಿರುತ್ತಾನೆ. ಕೊನೆಗೆ ಅವಳ ಮನಸ್ಸು ಮತ್ತೆ ಒಡೆಯುತ್ತದೆ. ಈ ಸಲ ಅವಳನ್ನು ಕೆಡವಿದ್ದು ಬೇನೆಗಿಂತ ಹೆಚ್ಚಾಗಿ ಮನೆಯವರ ನೋಟ. ಶರಪಂಜರವೆಂದರೆ ಬಾಣಗಳ ಪಂಜರ. ಮೈಮೇಲೆ ಒಂದು ಬರೆಯೂ ಇಲ್ಲ. ಇದು ದೌರ್ಜನ್ಯ ಹೌದೋ ಅಲ್ಲವೋ ಎಂದು ನೀವೇ ಹೇಳಿ.

ನಮ್ಮ ಕಡೆ ಹೆಣ್ಣಿನ ಬಾಳಿನ ಪ್ರತಿ ತಿರುವಿಗೂ ಒಂದೊಂದು ಶಾಸ್ತ್ರವಿದೆ. ದೊಡ್ಡವಳಾದರೆ ಆರತಿ, ಬಸುರಾದರೆ ಕುಬಸ, ಹೆತ್ತರೆ ತೊಟ್ಟಿಲು. ಸೀರೆ ಬರುತ್ತದೆ, ಉಡಿ ತುಂಬುತ್ತದೆ. ಆದರೆ ಮದುವೆಯಾಗಿ ಅಥಣಿಗೋ ಮಿರಜಿಗೋ ಹೋದ ಹುಡುಗಿಗೆ, ಹಸುಗೂಸು ಹಿಡಿದು ರಾತ್ರಿಯೆಲ್ಲ ಎದ್ದಿರುವ ಬಾಣಂತಿಗೆ, "ನಿನಗೆ ಹ್ಯಾಂಗ ಅನಸ್ತದ ಅವ್ವಾ?" ಎಂದು ಕೇಳುವವರು ಯಾರು? ಕೂಸು ನೋಡಲು ಬಂದವರು ಕೂಸನ್ನಷ್ಟೇ ನೋಡಿ ಹೋಗುತ್ತಾರೆ.

ತಿಳಿದಿರಬೇಕಾದ ಮಾತು ಹೇಳುತ್ತೇನೆ. ಹೆತ್ತ ಮೊದಲ ದಿನಗಳಲ್ಲಿ ಕಾರಣವಿಲ್ಲದೆ ಅಳು ಬರುವುದು ಬಹಳ ಜನರಿಗೆ ಆಗುತ್ತದೆ, ತಾನಾಗಿ ಹೋಗುತ್ತದೆ. ಎರಡು ವಾರ ದಾಟಿದರೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ನಿದ್ದೆಯೇ ಬಾರದೆ, ಇಲ್ಲದ ದನಿ ಕೇಳಿ, ತನಗೋ ಕೂಸಿಗೋ ಅಪಾಯ ಮಾಡಿಕೊಳ್ಳುವ ಮಾತಾಡಿದರೆ ಒಂದು ದಿನವೂ ತಡೆಯಬಾರದು, ಅವಳನ್ನು ಒಂಟಿಯಾಗಿ ಬಿಡಬಾರದು. ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದುದರಲ್ಲಿ ಇದೂ ಸೇರಿತ್ತು. ಇದು ಗಾಳಿ ಸೋಕಿದ್ದಲ್ಲ, ಔಷಧಕ್ಕೆ ಬಗ್ಗುವ ಬೇನೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗುವನ್ನು ಒಟ್ಟಿಗೇ ಇಟ್ಟುಕೊಳ್ಳುವ ವಾರ್ಡೇ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ, ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಅಗಲಿಸುವಂತಿಲ್ಲ. ಅಷ್ಟು ದೂರ ಹೋಗುವ ಮೊದಲು 14416ಕ್ಕೆ ಫೋನ್ ಮಾಡಿ. ಅದು ಟೆಲಿ-ಮಾನಸ್, ದುಡ್ಡಿಲ್ಲ.

ಇನ್ನು "ಹುಚ್ಚಿ" ಎಂಬ ಮಾತು. ಹೆಂಡತಿಯನ್ನು ಹೊರಗೆ ಹಾಕಬೇಕೆಂದವನಿಗೆ ಇದಕ್ಕಿಂತ ಅಗ್ಗದ ಆಯುಧವಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಡಿತವನ್ನಷ್ಟೇ ಅಲ್ಲ, ಹೀಯಾಳಿಕೆಯನ್ನೂ ಮಾನಸಿಕ ಹಿಂಸೆಯನ್ನೂ ದೌರ್ಜನ್ಯವೆನ್ನುತ್ತದೆ. ಸಂಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕನ್ನೂ ಕೊಡುತ್ತದೆ. ನಮ್ಮ ರಾಜ್ಯದಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ತೋರಿಸುತ್ತಾಳೆ. 181ಕ್ಕೂ ಫೋನ್ ಮಾಡಬಹುದು.

ಕಾವೇರಿಗೆ ಸಂಘವಿರಲಿಲ್ಲ. ನಿಮಗಿದೆ. ವಾರದ ಉಳಿತಾಯ ಬರೆಯುವಾಗ ಯಾರು ಬಂದಿಲ್ಲವೆಂದು ಗುರುತು ಹಾಕುತ್ತೀರಿ. ಯಾಕೆ ಬಂದಿಲ್ಲವೆಂದೂ ಕೇಳಿ. ಬಾಣಂತಿಯಿದ್ದರೆ ಇಬ್ಬರು ಅವಳ ಮನೆಗೆ ಹೋಗಿ, ಕೂಸನ್ನು ಒಬ್ಬರು ಎತ್ತಿಕೊಳ್ಳಿ, ಇನ್ನೊಬ್ಬರು ಅವಳ ಹತ್ತಿರ ಕುಳಿತುಕೊಳ್ಳಿ. ಆಸ್ಪತ್ರೆಯಿಂದ ವಾಸಿಯಾಗಿ ಬಂದವಳನ್ನು ಮತ್ತೆ ಸಭೆಗೆ ಕರೆಯಿರಿ, ಲೆಕ್ಕದ ಪುಸ್ತಕ ಅವಳ ಕೈಗೇ ಕೊಡಿ. ಅವಳು ಗುಣವಾಗಿದ್ದಾಳೆಂದು ಊರಿಗೆ ತಿಳಿಸಲು ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.