ಮಾತು ಮತ್ತು ತುತ್ತು



ಶ್ರೀಗಳವರ ಅಪ್ಪಣೆಯಂತೆ ವಾಕ್‌ಚಿಕಿತ್ಸೆಯ ವಿಷಯವಾಗಿ ನಾಲ್ಕು ಮಾತುಗಳನ್ನು ಅರಿಕೆಮಾಡುವೆನು. ವ್ಯಾಕರಣ ಪಾಠ ಹೇಳುವವನಿಗೆ ವೈದ್ಯದ ಮಾತೇಕೆಂದು ತಾವು ಕೇಳಬಹುದು. ನನ್ನ ಕೈಯಿಂದಾದ ಒಂದು ತಪ್ಪೇ ಅದಕ್ಕೆ ಕಾರಣವು.

ಕೆಲವು ವರ್ಷಗಳ ಹಿಂದೆ ನನ್ನ ಸಹಪಾಠಿಯೊಬ್ಬರು ಪಾರ್ಶ್ವವಾಯುವಿನಿಂದ ಆಸ್ಪತ್ರೆಯನ್ನು ಸೇರಿದರು. ಬಲಗೈ ಏಳದು, ಮಾತು ಹೊರಡದು. ನಾನು ಮಠದಿಂದ ಪಾದೋದಕವನ್ನು ಕೊಂಡೊಯ್ದು, ಯಾರನ್ನೂ ಕೇಳದೆ, ಮಲಗಿದ್ದವರ ಬಾಯಿಗೆ ಎರೆದೆನು. ಅವರು ಕೆಮ್ಮಲಿಲ್ಲವಾದುದರಿಂದ ಕ್ಷೇಮವೆಂದೇ ಬಗೆದು ಮರುದಿನವೂ ಹಾಗೆಯೇ ಮಾಡಿದೆನು. ಮೂರನೆಯ ದಿನ ಜ್ವರವೇರಿತು. ನೀರು ಶ್ವಾಸಕೋಶಕ್ಕಿಳಿದು ಹೀಗಾಗುವುದುಂಟೆಂದು ವೈದ್ಯರು ತಿಳಿಸಿದಾಗ ನನ್ನ ಎದೆ ನಡುಗಿತು. ದೋಷವು ಪಾದೋದಕದ್ದಲ್ಲ, ವಿಚಾರಿಸದೆ ಎರೆದ ನನ್ನದು.

ಗಂಟಲಿನಲ್ಲಿ ಅನ್ನದ ದಾರಿಯೂ ಉಸಿರಿನ ದಾರಿಯೂ ಕೂಡಿ ಅಗಲುತ್ತವೆ. ನುಂಗುವಾಗ ಧ್ವನಿಪೆಟ್ಟಿಗೆಯು ಮೇಲಕ್ಕೇರಿ ಉಸಿರಿನ ಬಾಗಿಲು ಕ್ಷಣಕಾಲ ಮುಚ್ಚಿಕೊಳ್ಳುವುದು. ಪಾರ್ಶ್ವವಾಯು ತಗುಲಿದವರಲ್ಲಿ ಇದು ತಡವಾಗುವುದುಂಟು. ತೆಳುವಾದ ನೀರು ಬೇಗನೆ ಹರಿಯುವುದರಿಂದ ಅನೇಕರಿಗೆ ಗಂಜಿಗಿಂತ ನೀರಿನ ಭಯವೇ ಹೆಚ್ಚು. ಗಂಟಲಿನ ಸ್ಪರ್ಶಜ್ಞಾನ ಕುಂದಿದ್ದರೆ ಕೆಮ್ಮೂ ಬಾರದು.

ಆಗ ವಾಕ್‌ಚಿಕಿತ್ಸಕಿಯೊಬ್ಬರು ಬಂದರು. ನನ್ನ ಮಗಳ ವಯಸ್ಸಿನವರು. ಮೊದಲು ಬಾಯಿಂದ ಕೊಡುವುದನ್ನು ನಿಲ್ಲಿಸಿ ಮೂಗಿನ ನಳಿಕೆಯಿಂದ ಆಹಾರವನ್ನು ಕೊಡಿಸಿದರು. ಬಾಯಿಯನ್ನು ದಿನವೂ ಶುಚಿಮಾಡಿಸಿದರು. ಬಳಿಕ ನೆಟ್ಟಗೆ ಕುಳ್ಳಿರಿಸಿ, ಚಮಚ ಚಮಚವಾಗಿ ಪರೀಕ್ಷಿಸಿ, ಇವರಿಗೊಪ್ಪುವ ಗಂಜಿಯ ಹದವನ್ನು ನಿಶ್ಚಯಿಸಿದರು. ಉಂಡ ಮೇಲೆ ಅರ್ಧ ಗಂಟೆ ಮಲಗಿಸಬಾರದೆಂದರು.

ಮಾತಿನ ವಿಷಯವೂ ಹೀಗೆಯೇ. 1861ರಲ್ಲಿ ಪ್ಯಾರಿಸಿನ ಪಾಲ್ ಬ್ರೋಕಾ ಎಂಬ ವೈದ್ಯನು, "ತಾನ್" ಎಂಬುದೊಂದನ್ನೇ ಉಚ್ಚರಿಸುತ್ತಿದ್ದ ರೋಗಿಯೊಬ್ಬನು ಇತರರ ಮಾತನ್ನು ಬಹುಮಟ್ಟಿಗೆ ಗ್ರಹಿಸುತ್ತಿದ್ದನೆಂದೂ, ಅವನ ಮಿದುಳಿನ ಎಡಮುಂಭಾಗ ಕೆಟ್ಟಿದ್ದಿತೆಂದೂ ಪ್ರಕಟಿಸಿದನು. ಮಾತು ಹೋದವರೆಲ್ಲರ ಬುದ್ಧಿ ಹೋಗಿರುವುದಿಲ್ಲ. ನನ್ನ ಮಿತ್ರರ ಮಂಚದ ಬಳಿ "ಇವರಿಗೇನೂ ಅರಿವಿಲ್ಲ" ಎಂದು ಒಬ್ಬರು ಆಡಿದಾಗ ಅವರ ಕಣ್ಣು ತುಂಬಿದುದನ್ನು ನಾನು ಕಂಡೆನು. ಆ ತಾಯಿ ಚಿತ್ರಗಳನ್ನು ತೋರಿ, ಹೌದು ಅಲ್ಲ ಎಂಬಷ್ಟೇ ಉತ್ತರ ಸಾಲುವ ಪ್ರಶ್ನೆಗಳನ್ನು ಕೇಳಿ, ಉತ್ತರ ಬರುವವರೆಗೆ ಕಾದರು. ತಮ್ಮ ಹೆಸರನ್ನು ಹೇಳಲಾರದ ಮಿತ್ರರು ಒಂದು ಸಂಜೆ ನಮ್ಮೊಡನೆ ಪಂಚಾಕ್ಷರಿಯನ್ನು ನುಡಿದರು. ಇದು ಪವಾಡವಲ್ಲ, ಬಹುಕಾಲ ರೂಢಿಯಾದ ನುಡಿ ಕೆಲವರಲ್ಲಿ ಹೀಗೆ ಉಳಿಯುವುದೆಂದು ಆಕೆ ವಿವರಿಸಿದರು. ಮಿತ್ರರ ಮಾತು ಪೂರ್ಣವಾಗಿ ಮರಳಲಿಲ್ಲ. ಆದರೆ ತಾವೇ ಉಣ್ಣುತ್ತಾರೆ, ಬೇಕು ಬೇಡಗಳನ್ನು ಹೇಳುತ್ತಾರೆ.

ಈ ವಿದ್ಯೆಯನ್ನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದ ಕಲಿಸುತ್ತ ಬಂದಿರುವುದು ನಮ್ಮ ನಾಡಿನ ಭಾಗ್ಯವು.

ಭಕ್ತರಲ್ಲಿ ನನ್ನ ಬಿನ್ನಹವಿಷ್ಟೆ: ಪಾರ್ಶ್ವವಾಯುವಾದವರಿಗೆ ನುಂಗುವ ಪರೀಕ್ಷೆಯಾಗುವವರೆಗೆ ಪಾದೋದಕವನ್ನು ಹಣೆಗೆ ಮುಟ್ಟಿಸಿರಿ, ಬಾಯಿಗೆ ಎರೆಯದಿರಿ. ಅವರೊಡನೆ ಮಾತನಾಡಿರಿ, ಉತ್ತರಕ್ಕಾಗಿ ಕಾಯಿರಿ.