ಕಟ್ಟಡ ಸಂಹಿತೆ ಮತ್ತು ಮಲೆನಾಡು



ವಿದ್ಯುತ್ತಿನ ಚರ್ಚೆ ಬಂದಾಗಲೆಲ್ಲ ಮಲೆನಾಡಿನಲ್ಲಿ ಅಣೆಕಟ್ಟು, ತಂತಿಮಾರ್ಗ, ಮುಳುಗಡೆಗಳ ಮಾತು ಏಳುತ್ತದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಜಲಾಶಯದ ನೋವು ಶರಾವತಿ ಕಣಿವೆಯಲ್ಲಿ ಇನ್ನೂ ಮಾಸಿಲ್ಲ. ಗರಿಷ್ಠ ಬೇಡಿಕೆಯ ಹೊತ್ತಿನ ಕೊರತೆಯನ್ನು ತುಂಬಲೆಂದು ಅದೇ ಕಣಿವೆಗೆ 2,000 ಮೆಗಾವಾಟ್ ಸಾಮರ್ಥ್ಯದ ಪಂಪ್ಡ್ ಸ್ಟೋರೇಜ್ ಯೋಜನೆಯೂ ಪ್ರಸ್ತಾಪವಾಗಿದೆ. ಆದರೆ ಆ ಬೇಡಿಕೆ ಹುಟ್ಟುವುದು ಎಲ್ಲಿ ಎಂದು ಕೇಳುವವರು ವಿರಳ. ಅದರ ಒಂದು ಮುಖ್ಯ ನೆಲೆ ಕಟ್ಟಡ. ಬಿಸಿಲಿಗೆ ಒಡ್ಡಿದ ಕಾಂಕ್ರೀಟ್ ತಾರಸಿ ಹಗಲೆಲ್ಲ ಶಾಖವನ್ನು ಹೀರಿ, ಸಂಜೆ ಅದನ್ನು ಕೋಣೆಯೊಳಗೆ ಬಿಡುತ್ತದೆ. ಆ ದೋಷವನ್ನು ಫ್ಯಾನು ಮತ್ತು ಹವಾನಿಯಂತ್ರಕಗಳು ವಿದ್ಯುತ್ತನ್ನು ನುಂಗಿ ಮರೆಮಾಚುತ್ತವೆ.

ಇದಕ್ಕೆ ಕಾನೂನಿನಲ್ಲಿ ಪರಿಹಾರವುಂಟು. 2001ರ ಇಂಧನ ಸಂರಕ್ಷಣಾ ಕಾಯ್ದೆಯ ಅಡಿಯಲ್ಲಿ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಸಂಹಿತೆಯೊಂದು ಬಂದಿತು. ವಾಸದ ಕಟ್ಟಡಗಳಿಗಾಗಿ 2018ರಲ್ಲಿ ‘ಇಕೋ ನಿವಾಸ್ ಸಂಹಿತಾ’ ಹೊರಬಂದಿತು. ಹೊರಗೂ ಒಳಗೂ ಒಂದು ಡಿಗ್ರಿ ಉಷ್ಣತೆಯ ಅಂತರವಿದ್ದಾಗ, ಛಾವಣಿಯ ಪ್ರತಿ ಚದರ ಮೀಟರಿನ ಮೂಲಕ 1.2 ವಾಟ್‌ಗಿಂತ ಹೆಚ್ಚು ಶಾಖ ಹಾಯಬಾರದು ಎಂಬುದು ಅದರ ಒಂದು ನಿಯಮ. ಬರಿಯ ಆರ್‌ಸಿಸಿ ತಾರಸಿ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗದು. ಅದಕ್ಕೆ ಶಾಖನಿರೋಧಕ ಪದರ ಬೇಕು. ಮಂಗಳೂರಿನಂತಹ ಬಿಸಿ-ತೇವ ವಲಯದಲ್ಲಿ ತೆರೆಯಬಲ್ಲ ಕಿಟಕಿ ಬಾಗಿಲುಗಳ ವಿಸ್ತಾರ ನೆಲದ ವಿಸ್ತಾರದ ಆರನೇ ಒಂದು ಭಾಗವಿರಬೇಕು. ಬೆಂಗಳೂರಿನಂತಹ ಸಮಶೀತೋಷ್ಣ ವಲಯದಲ್ಲಿ ಎಂಟನೇ ಒಂದು ಭಾಗ ಸಾಕು. ಗಾಳಿಯಾಡುವ ಹಂಚಿನ ಮಾಡು, ಚಾಚಿದ ಸೂರು, ನೆರಳಿನ ಜಗಲಿಗಳನ್ನು ಕಟ್ಟಿದ ಹಿರಿಯರಿಗೆ ಈ ತತ್ತ್ವ ಹೊಸತೇನಲ್ಲ.

ಕೊರತೆ ಇರುವುದು ಸಂಹಿತೆಯ ವ್ಯಾಪ್ತಿಯಲ್ಲಿ. 2018ರ ಸಂಹಿತೆಯನ್ನು ರೂಪಿಸಿದ್ದು 500 ಚದರ ಮೀಟರ್ ಹಾಗೂ ಅದಕ್ಕಿಂತ ದೊಡ್ಡ ನಿವೇಶನಗಳಿಗೆ. ಕಾಯ್ದೆಯ ಲೆಕ್ಕದಲ್ಲಿ 100 ಕಿಲೋವಾಟ್ ಸಂಪರ್ಕ ಹೊರೆಯ ಕಟ್ಟಡವೇ ಎಲ್ಲೆ. ಹಳ್ಳಿಯ ಶಾಲೆ, ಅಂಗನವಾಡಿ, ವಸತಿ ಯೋಜನೆಯ ಮನೆಗಳು ಈ ಎಲ್ಲೆಯಿಂದ ಹೊರಗೇ ಉಳಿಯುತ್ತವೆ. ಹಂಚು ಇಳಿದು ತಾರಸಿ ಏರುತ್ತಿರುವುದು ಅಲ್ಲಿಯೇ. ಆದರೆ ಸ್ಥಳೀಯ ಹವಾಮಾನಕ್ಕೆ ತಕ್ಕಂತೆ ಸಂಹಿತೆಯನ್ನು ಮಾರ್ಪಡಿಸುವ ಅಧಿಕಾರವನ್ನು ಕಾಯ್ದೆ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. 2022ರ ತಿದ್ದುಪಡಿಯು ಆ ಹೊರೆಯ ಎಲ್ಲೆಯನ್ನು ತಗ್ಗಿಸುವ ಅವಕಾಶವನ್ನೂ ನೀಡಿದೆ.

ಆದುದರಿಂದ ಮಾಡಬೇಕಾದ ಕೆಲಸ ಎರಡು. ಮೊದಲನೆಯದು, ನಗರದ ಗಾಜಿನ ಕಟ್ಟಡಗಳು ಸಂಹಿತೆಯಿಂದ ನುಣುಚಿಕೊಳ್ಳದಂತೆ ನಕ್ಷೆಯ ಮಂಜೂರಾತಿಯ ಹಂತದಲ್ಲೇ ತಪಾಸಣೆ ಆಗಬೇಕೆಂದು ಸರ್ಕಾರವನ್ನು ಒತ್ತಾಯಿಸುವುದು. ಎರಡನೆಯದು, ಗ್ರಾಮಸಭೆಯಲ್ಲಿ ಸಾರ್ವಜನಿಕ ಕಟ್ಟಡದ ಅಂದಾಜುಪಟ್ಟಿ ಬಂದಾಗ ಮೂರು ಪ್ರಶ್ನೆ ಕೇಳುವುದು: ತಾರಸಿಯ ಮೇಲೆ ಶಾಖ ತಡೆಯುವ ಪದರವಿದೆಯೇ? ಗೋಡೆಗೆ ಮಳೆ ಬಿಸಿಲು ತಾಗದಷ್ಟು ಸೂರು ಚಾಚಿದೆಯೇ? ಕಿಟಕಿಗಳು ನೆಲದ ಅಳತೆಗೆ ತಕ್ಕಷ್ಟಿವೆಯೇ? ಈ ಪ್ರಶ್ನೆಗಳಿಗೆ ಪದವಿ ಬೇಡ, ಒಂದು ಅಳತೆಪಟ್ಟಿ ಸಾಕು. ಉಳಿತಾಯವಾದ ಪ್ರತಿಯೊಂದು ಯೂನಿಟ್ಟೂ ಕಣಿವೆಯ ಮೇಲಿನ ಒತ್ತಡವನ್ನು ಅಷ್ಟರಮಟ್ಟಿಗೆ ಇಳಿಸುತ್ತದೆ.